ತಾತನಿಗೆ ತಾತನಾದ ಮೊಮ್ಮಗ

ಊರು ಒಂದಾಗಬೇಕೆಂದರೆ ನಮ್ಮ ತುಮಕೂರು ಸೀಮೆಯಲ್ಲಿ ಕುರುಕ್ಷೇತ್ರ ಮಾಡಿಸುತ್ತಾರೆ. ನಾಟಕದ ಮಾತು. ದಾಯಾದಿಗಳು ಬಡಿದಾಡಿ ಸಾಯುವ ಈ ಕಥೆಯನ್ನು ಆಡಲು, ಬದುವಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಅದಕ್ಕಿಂತ ಸೋಜಿಗವೆಂದರೆ, ಹದಿನೇಳರ ಹುಡುಗರೂ ಎಪ್ಪತ್ತರ ಮುದುಕರೂ ತಿಂಗಳುಗಟ್ಟಲೆ ಒಟ್ಟಿಗಿರುವುದು.

1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ. ಅವರ ಕುರುಕ್ಷೇತ್ರದಲ್ಲಿ ರಂಗದ ಮೇಲೆ ನಿಜವಾದ ಆನೆಗಳೇ ಬರುತ್ತಿದ್ದವು. ನಮ್ಮಲ್ಲಿ ಆನೆಯಿಲ್ಲ, ಆನೆಯಂಥ ದುರ್ಯೋಧನರಿಗೆ ಬರವಿಲ್ಲ.

ಪಾರ್ಟು ಹಂಚುವಾಗ ನೋಡುವುದು ವಯಸ್ಸನ್ನಲ್ಲ, ಕಂಠವನ್ನು. ಅದಕ್ಕೂ ಮೊದಲು ಜೇಬನ್ನು. ಇಲ್ಲಿ ದುಡ್ಡು ಕೊಡಬೇಕಾದವನು ನಟನೇ. ಕೃಷ್ಣ, ದುರ್ಯೋಧನ ದುಬಾರಿ, ದ್ವಾರಪಾಲಕ ಅಗ್ಗ. ಹೀಗಾಗಿ ಕೊಬ್ಬರಿಗೆ ರೇಟು ಬಂದ ವರ್ಷ ನಮ್ಮ ದೊಡ್ಡಪ್ಪ ಅರವತ್ತೈದು ದಾಟಿದ ಮೇಲೆ ಅರ್ಜುನನಾದರು. ಪಿಯುಸಿ ಓದುತ್ತಿದ್ದ ಅವರ ಮೊಮ್ಮಗ, ಗಡಸು ದನಿಯ ದೆಸೆಯಿಂದ, ಭೀಷ್ಮನಾದ.

ಅರ್ಜುನ ಭೀಷ್ಮನ ಕಾಲಿಗೆ ಬೀಳಬೇಕಲ್ಲ! ದೊಡ್ಡಮ್ಮ ತಾಲೀಮಿನ ಮನೆಗೇ ಬಂದರು. “ಹಿರೀರು ಕಾಲಿಗೆ ಬಿದ್ರೆ ಮಗೀನ ಆಯಸ್ಸು ಕಮ್ಮಿಯಾಗ್ತದೆ ಮೇಷ್ಟ್ರೇ!” ಹಾರ್ಮೋನಿಯಂ ಮೇಷ್ಟ್ರು ತೀರ್ಪು ಕೊಟ್ಟರು: ತಾತ ಎಷ್ಟು ಸಲ ಬಿದ್ದರೋ ಅಷ್ಟು ಸಲ ಮೊಮ್ಮಗ ಆಮೇಲೆ ಬಿದ್ದು ಲೆಕ್ಕ ಚುಕ್ತಾ ಮಾಡಬೇಕು. ಹಬ್ಬದ ದಿನವೂ ನಮಸ್ಕಾರಕ್ಕೆ ನುಣುಚಿಕೊಳ್ಳುತ್ತಿದ್ದ ಹುಡುಗ ಪ್ರತಿ ರಾತ್ರಿ ಬಾಕಿ ತೀರಿಸತೊಡಗಿದ.

ಮೇಷ್ಟ್ರಿಗೆ ಎಲ್ಲ ವಯಸ್ಸೂ ಒಂದೇ. ಶ್ರುತಿ ತಪ್ಪಿದರೆ ಮಾಜಿ ಛೇರ್ಮನ್ನರಿಗೂ ಬೈಗುಳ, ಮೀಸೆ ಮೂಡದವನಿಗೂ ಬೈಗುಳ. ಒಟ್ಟಿಗೆ ಬೈಸಿಕೊಂಡವರಲ್ಲಿ ಬೆಳೆಯುವ ಸ್ನೇಹ ಒಟ್ಟಿಗೆ ಉಂಡವರಲ್ಲೂ ಬೆಳೆಯದು. ಮುದುಕರಿಗೆ ಮಟ್ಟು ಗೊತ್ತು, ಮಾತು ನೆನಪಿರದು. ಹುಡುಗರಿಗೆ ಮಾತು ಬಾಯಿಪಾಠ, ಮಟ್ಟು ಹಿಡಿತಕ್ಕೆ ಬಾರದು. ಮೇಷ್ಟ್ರು ಹಾಡಿದ್ದನ್ನು ಮೊಮ್ಮಗ ಮೊಬೈಲಿನಲ್ಲಿ ರೆಕಾರ್ಡು ಮಾಡಿ ತಾತನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ. ದೊಡ್ಡಪ್ಪ ಹಾಲು ಕರೆಯುತ್ತಲೇ ವೃತ್ತ ಹೇಳತೊಡಗಿದರು. ಎಮ್ಮೆ ಮೊದಮೊದಲು ಒದೆಯಿತು, ಆಮೇಲೆ ಹೊಂದಿಕೊಂಡಿತು. ಕಂದಪದ್ಯದ ನಡುವೆ ಉಸಿರು ಎಲ್ಲಿ ಎಳೆದುಕೊಳ್ಳಬೇಕೆಂಬ ಗುಟ್ಟನ್ನು ತಾತ ಮೊಮ್ಮಗನಿಗೆ ಬಿಟ್ಟುಕೊಟ್ಟರು.

ನಾಟಕದ ರಾತ್ರಿ ಅರ್ಜುನ ಮಾತು ಮರೆತು ನಿಂತ. ಶರಶಯ್ಯೆಯ ಮೇಲಿದ್ದ ಭೀಷ್ಮ ಗಡ್ಡದೊಳಗಿಂದಲೇ ಹೇಳಿಕೊಟ್ಟ. ಪಾಪಿ ಮೈಕು ಅದನ್ನೂ ಊರಿಗೆಲ್ಲ ಸಾರಿತು. ಜನ “ಒನ್ಸ್ ಮೋರ್” ಎಂದರು! ಬೆಳಗಿನ ಜಾವ ತೊಡೆ ಮುರಿದು ಬಿದ್ದ ದುರ್ಯೋಧನನಿಗೆ ಬೀಗರು ರಂಗ ಹತ್ತಿ ನೋಟಿನ ಹಾರ ಹಾಕಿದರು. ಅವನು ಎದ್ದು ಕೂತು ಹಾಕಿಸಿಕೊಂಡು ಮತ್ತೆ ಮಲಗಿ ಸತ್ತ.

ಹಳ್ಳಿ ಬಿಟ್ಟು ಬೆಂಗಳೂರು ಸೇರಿದವರು ರವೀಂದ್ರ ಕಲಾಕ್ಷೇತ್ರದಲ್ಲೂ ಇಂಥ ಪೌರಾಣಿಕ ನಾಟಕಗಳನ್ನು ಆಡುವುದುಂಟು. ಪೀಳಿಗೆಗಳ ಅಂತರದ ಬಗ್ಗೆ ಭಾಷಣ ಏರ್ಪಡಿಸುವವರು ಒಮ್ಮೆ ಹೋಗಿ ನೋಡಲಿ. ತಾತನ ಜೊತೆ ಕೂತು ಮಾತಾಡು ಎಂದರೆ ಯಾವ ಹುಡುಗನೂ ಕೂರುವುದಿಲ್ಲ. ಇವನಿಂದ ಅವರಿಗೆ, ಅವರಿಂದ ಇವನಿಗೆ ಏನಾದರೂ ಗರಜು ಬೀಳಬೇಕು. ಅಕ್ಕರೆ ಹಿಂದಿನಿಂದ ತಾನೇ ಬರುತ್ತದೆ. ನಿಮ್ಮ ಕಡೆ ಹಾರ್ಮೋನಿಯಂ ಮೇಷ್ಟ್ರೊಬ್ಬರು ಇದ್ದರೆ ಇವತ್ತೇ ಕರೆಸಿ. ಬೈಯುವವರಾದರೆ ಇನ್ನೂ ಒಳ್ಳೆಯದು.