ಐದೂವರೆಗೆ ಗುಣವಾಗುವ ರೋಗ

ಸದಾಕಾಲವೂ ಕೆಟ್ಟು ಕುಳಿತ ಪ್ರೋಗ್ರಾಮನ್ನು ಸರಿಪಡಿಸುವುದು ಬುದ್ಧಿವಂತರ ಕೆಲಸ. ಆದರೆ ಹಗಲೆಲ್ಲ ನಿರ್ದೋಷವಾಗಿದ್ದು, ನಡುರಾತ್ರಿ ಕಳೆದೊಡನೆ ಕೆಟ್ಟು, ಬೆಳಗಿನ ಐದೂವರೆಗೆ ತಾನಾಗಿಯೇ ಗುಣಹೊಂದುವ ಪ್ರೋಗ್ರಾಮು ಎದುರಾದರೆ ಬುದ್ಧಿವಂತರೂ ಕುಲದೇವರನ್ನು ನೆನೆಯುವರು. ಬೆಂಗಳೂರಿನ ನಮ್ಮ ಕಛೇರಿಯಲ್ಲಿ ನಿಶಾಚರವೃತ್ತಿಯ ತರುಣನೊಬ್ಬನಿಗೆ ಇಂಥದೇ ಗ್ರಹಚಾರವು ವಕ್ರಿಸಿತು. ರಾತ್ರಿ ಒಂದಕ್ಕೆ ಅವನ ಲ್ಯಾಪ್‌ಟಾಪಿನಲ್ಲಿ ಟೆಸ್ಟುಗಳು ಫೇಲಾಗುವುವು. ಬೆಳಗ್ಗೆ ಹತ್ತಕ್ಕೆ ಸಾಕ್ಷಿಗಳನ್ನು ಕರೆದು ತೋರಿಸಹೊರಟರೆ, ಒಂದೊಂದೂ ಹಸುರು ಗುರುತಿನೊಡನೆ ಪಾಸಾಗಿ ಅವನನ್ನು ಸುಳ್ಳುಗಾರನನ್ನಾಗಿ ಮಾಡುವುವು. “ನನ್ನ ಮೆಷಿನ್ನಲ್ಲಿ ಸರಿಯಾಗೇ ಓಡ್ತಿದೆಯಲ್ಲ” ಎಂಬ, ನಮ್ಮ ಕಸುಬಿನವರು ಪರರ ಸಂಕಟಕಾಲದಲ್ಲಿ ತಪ್ಪದೆ ಪಠಿಸುವ ಮಹಾವಾಕ್ಯವನ್ನು ಎಲ್ಲರೂ ಪಠಿಸಿದರು. ಆಯುಧಪೂಜೆಯಂದು ಆ ಲ್ಯಾಪ್‌ಟಾಪಿಗೆ ಕುಂಕುಮವಿಟ್ಟಿರಲಿಲ್ಲವೆಂಬ ಕಾರಣವನ್ನೂ ಒಬ್ಬರು ಗಂಭೀರವಾಗಿ ಮಂಡಿಸಿದರು.

ನಿಜವಾದ ಕಾರಣವು ಮಿರ್ಜಾಪುರದ ಬಳಿ ಇದ್ದಿತು. ಆ ಊರಿನ ಸಮೀಪದಲ್ಲಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಹಿಡಿದು ನಮ್ಮ ದೇಶದ ಗಡಿಯಾರಗಳು ಗ್ರೀನಿಚ್ಚಿಗಿಂತ 5 ಗಂಟೆ 30 ನಿಮಿಷ ಮುಂದೆ ನಡೆಯುತ್ತವಷ್ಟೆ. ಆದಕಾರಣ ನಮ್ಮಲ್ಲಿ ಮಂಗಳವಾರವು ಹುಟ್ಟಿ ಐದೂವರೆ ಗಂಟೆಯಾಗುವತನಕ ಅಲ್ಲಿ ಸೋಮವಾರವೇ ಪ್ರಾಣ ಹಿಡಿದುಕೊಂಡಿರುತ್ತದೆ. ಪ್ರೋಗ್ರಾಮು ತಾರೀಖನ್ನು ಯುಟಿಸಿ ಎಂಬ ವಿಶ್ವಕಾಲದಿಂದ ಪಡೆಯುತ್ತಿದ್ದಿತು, ಅದನ್ನು ಪರೀಕ್ಷಿಸುವ ಟೆಸ್ಟಾದರೋ ಲ್ಯಾಪ್‌ಟಾಪಿನ ಟೈಮ್‌ಝೋನನ್ನು ಕೇಳುತ್ತಿದ್ದಿತು. ಸರ್ವರನ್ನು ರೂಢಿಯಂತೆ ಯುಟಿಸಿಯಲ್ಲಿಯೇ ಇಟ್ಟಿದ್ದರಿಂದ ಅಲ್ಲಿ ಇವೆರಡಕ್ಕೂ ಎಂದೂ ಜಗಳವಿಲ್ಲ. (ನೇಪಾಳದ ಗಡಿಯಾರ ನಮಗಿಂತ ಕಾಲು ಗಂಟೆ ಮುಂದು, ಅಲ್ಲಿನ ತರುಣರು ಐದೂಮುಕ್ಕಾಲಿನವರೆಗೆ ಕಾಯಬೇಕು.) ಟೆಸ್ಟಿಗೆ ಟೈಮ್‌ಝೋನನ್ನು ಸ್ಪಷ್ಟವಾಗಿ ಹೇಳಿಕೊಟ್ಟ ಮೇಲೆ ಕಾಟ ತೊಲಗಿತು.

ನನ್ನನ್ನು ಬೆರಗುಗೊಳಿಸಿದ ಸಂಗತಿಯೇ ಬೇರೆ. ನಮ್ಮ ಪಂಚಾಂಗದಲ್ಲಿ ವಾರವು ಬದಲಾಗುವುದು ಸೂರ್ಯೋದಯಕ್ಕೆ. ಊರೆಲ್ಲ ಮಲಗಿರುವಾಗ ಗುಟ್ಟಾಗಿ ತಾರೀಖನ್ನು ಬದಲಿಸುವುದು ಪರಂಗಿಯವರ ಪದ್ಧತಿ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಸಮ್ಮೇಳನವು ಗ್ರೀನಿಚ್ಚಿನ ನಡುರಾತ್ರಿಯಿಂದಲೇ ವಿಶ್ವದಿನವು ಆರಂಭವಾಗತಕ್ಕದ್ದೆಂದು ಠರಾಯಿಸಿದಾಗ, ಅದು ಬೆಂಗಳೂರಿನ ಅರುಣೋದಯಕಾಲವೆಂಬುದನ್ನು ಅಲ್ಲಿದ್ದ ಯಾರೂ ಯೋಚಿಸಿರಲಾರರು. ಹೀಗಿರಲು, ಸರ್ವರಿನ ಆಚಾರನಿಷ್ಠೆಯು ನಮ್ಮದಕ್ಕಿಂತ ಮಿಗಿಲೆಂದೂ, ಭ್ರಷ್ಟವಾದದ್ದು ಲ್ಯಾಪ್‌ಟಾಪೇ ಎಂದೂ ನಾನು ವಾದಿಸಿದೆನು.

“ಹಾಗಾದ್ರೆ ಸಾರ್, ಕಾರಣ ಏನೂಂತ ಬರೀಲಿ?” ಎಂದ ತರುಣನಿಗೆ “ಪಂಚಾಂಗಭೇದ” ಎಂದೆನು. ಅವನು ಹಾಗೆಯೇ ನಮೂದಿಸಿದನು. ರಿವ್ಯೂ ಮಾಡಬೇಕಾದವರು ನಿಮಿಷದೊಳಗೆ ಒಪ್ಪಿಗೆಯಿತ್ತರು. ಓದಿದ್ದರೆಂಬುದಕ್ಕೆ ಮಾತ್ರ ಯಾವ ಸಾಕ್ಷ್ಯವೂ ದೊರೆಯದು.