ಕೊನೇ ರೇಟು ಹೇಳಿ ಸ್ವಾಮಿ

ಕೊರೊನಾವನ್ನು ಹಿಡಿದು ನಿಲ್ಲಿಸುವುದು ಹೇಗೆಂದು ಜಗತ್ತಿನ ಪಂಡಿತರೆಲ್ಲ ಜುಟ್ಟು ಹಿಡಿದು ಜಗಳವಾಡುತ್ತಿದ್ದ ಕಾಲ. 2020ರ ಅಕ್ಟೋಬರಿನಲ್ಲಿ ಒಂದು ಬಣ ಗ್ರೇಟ್ ಬ್ಯಾರಿಂಗ್ಟನ್ ಘೋಷಣೆ ಹೊರಡಿಸಿ, ವಯಸ್ಸಾದವರನ್ನು ಜೋಪಾನ ಮಾಡಿ, ಮಿಕ್ಕವರನ್ನು ಅವರ ಪಾಡಿಗೆ ಬಿಡಿ ಎಂದಿತು. ಅದೇ ತಿಂಗಳು ಇನ್ನೊಂದು ಬಣ ಜಾನ್ ಸ್ನೋ ಹೆಸರಿನಲ್ಲಿ ಪತ್ರ ಬರೆದು, ಹಾಗೆ ಬಿಟ್ಟರೆ ಅನಾಹುತವಾಗುತ್ತದೆ ಎಂದಿತು. ನಮ್ಮ ಕರ್ನಾಟಕ ಎರಡಕ್ಕೂ ಸೇರದ ಮೂರನೇ ಪಂಥವೊಂದನ್ನು ಕಂಡುಹಿಡಿಯಿತು. ಅದರ ಮೂಲಪೀಠ ಕೆ.ಆರ್. ಮಾರ್ಕೆಟ್ಟು. ಹೆಸರು ಚೌಕಾಸಿ.

ಅಂಗಡಿಯವ ಒಂದು ರೇಟು ಹೇಳುತ್ತಾನೆ. ಗಿರಾಕಿ ಮುಖ ಕಿವುಚಿ ಎರಡು ಹೆಜ್ಜೆ ಮುಂದೆ ಹೋಗುತ್ತಾನೆ. ‘ಬನ್ನಿ ಸಾರ್, ನೀವೇ ಒಂದು ಹೇಳಿ’ ಎಂದು ಹಿಂದಿನಿಂದ ಕೂಗು ಬೀಳುತ್ತದೆ. ಮಾಸ್ಕ್ ಹಾಕದವರ ದಂಡ ಕುದುರಿದ್ದೂ ಹೀಗೆಯೇ. ಆ ಅಕ್ಟೋಬರಿನ ಶುರುವಿಗೆ ನಗರದಲ್ಲಿ 1000 ರೂಪಾಯಿ, ಹಳ್ಳಿಯಲ್ಲಿ 500 ಎಂದರು. ಜನ ಮುಖ ಕಿವುಚಿದರು. ವಾರದೊಳಗೆ 250 ಮತ್ತು 100ಕ್ಕೆ ಇಳಿಯಿತು. ಆಷಾಢದ ಸೀರೆ ಅಂಗಡಿಯಲ್ಲೂ ಇಂಥ ಡಿಸ್ಕೌಂಟು ಕಂಡಿಲ್ಲ.

ರಾತ್ರಿ ಕರ್ಫ್ಯೂ ಇನ್ನೂ ಅಗ್ಗವಾಗಿ ಹೋಯಿತು. ಡಿಸೆಂಬರ್ 23ರಂದು ಮೊದಲು ಹೇಳಿದ ರೇಟು: ರಾತ್ರಿ 10ರಿಂದ ಬೆಳಿಗ್ಗೆ 6, ಇವತ್ತಿನಿಂದಲೇ. ಜಾಸ್ತಿಯಾಯಿತು ಎಂದರು. ಸರಿ, 11ರಿಂದ 5, ನಾಳೆಯಿಂದ. ಮರುದಿನ, ಇನ್ನೇನು ಕರ್ಫ್ಯೂ ಹುಟ್ಟಬೇಕು ಎನ್ನುವಷ್ಟರಲ್ಲಿ, ವ್ಯಾಪಾರವೇ ಬೇಡ, ಮನೆಗೆ ಹೋಗಿ ಎಂದು ಕೈಬಿಟ್ಟರು. ಒಂದೇ ಒಂದು ರಾತ್ರಿಯನ್ನೂ ನೋಡದೆ ತೀರಿಕೊಂಡ ಆ ಕರ್ಫ್ಯೂವಿಗೆ ಮಹಾಲಯ ಅಮಾವಾಸ್ಯೆಯಂದು ಎಳ್ಳುನೀರು ಬಿಡುವವರು ಯಾರೋ.

ಸಿನಿಮಾದವರು ಪಳಗಿದ ಗಿರಾಕಿಗಳು. 2021ರ ಫೆಬ್ರವರಿಯಲ್ಲಿ ಥಿಯೇಟರಿಗೆ ಅರ್ಧ ಸೀಟು ಎಂದಾಗ ತಾರೆಯರು ದನಿ ಎತ್ತಿದರು, ಪೂರ್ತಿ ಸೀಟು ಸಿಕ್ಕಿತು. ಏಪ್ರಿಲ್ 2ರಂದು ಮತ್ತೆ ಅರ್ಧ ಎಂದಿತು ಸರ್ಕಾರ. ‘ಯುವರತ್ನ’ ತೆರೆಕಂಡು ಆಗಿನ್ನೂ ಒಂದು ದಿನ. ಕೇಳಿಕೊಂಡರು, 7ರವರೆಗೆ ವಾಯಿದೆ ಸಿಕ್ಕಿತು. ಈ ಮಾತುಕತೆಗೆ ವೈರಸ್ಸನ್ನು ಮಾತ್ರ ಯಾರೂ ಕರೆದು ಕೂರಿಸಲಿಲ್ಲ. ಅದೂ ಕರೆಯಿರಿ ಎಂದು ಕೇಳಲಿಲ್ಲ.

ಏಪ್ರಿಲ್ 10ರಿಂದ ಬೀದರ್ ನಗರಕ್ಕೆ ರಾತ್ರಿ ಕರ್ಫ್ಯೂ ಬಂತು. ಅದೇ ಜಿಲ್ಲೆಯ ಬಸವಕಲ್ಯಾಣದಲ್ಲಿ 17ಕ್ಕೆ ಉಪಚುನಾವಣೆ, ಹಗಲೆಲ್ಲ ಪ್ರಚಾರ. ಚುನಾವಣೆ ಫಿಕ್ಸೆಡ್ ರೇಟಿನ ಅಂಗಡಿ. ಅಲ್ಲಿ ಚೌಕಾಸಿ ಮಾಡುವುದು ಮರ್ಯಾದೆಯಲ್ಲ.

ಹಾಗೆಂದು ಮಾರ್ಕೆಟ್ಟಿಗೆ ಬಂದವರೆಲ್ಲ ಗಿರಾಕಿಗಳೇ ಆಗಿರಬೇಕಿಲ್ಲ. ಮೊದಲ ಲಾಕ್‌ಡೌನಿನಲ್ಲಿ, 2020ರ ಮೇ 5ರಂದು, ಬಿಲ್ಡರುಗಳು ಮುಖ್ಯಮಂತ್ರಿಯನ್ನು ಕಂಡುಬಂದರು. ಹೊರರಾಜ್ಯದ ಕೂಲಿಗಳು ಊರು ಸೇರಲು ಕಾಯುತ್ತಿದ್ದ ಶ್ರಮಿಕ್ ರೈಲುಗಳು ಬೇಡವೆಂದು ಅದೇ ದಿನ ಸರ್ಕಾರ ರೈಲ್ವೆಗೆ ಬರೆಯಿತು. ಊರೆಲ್ಲ ಛೀ ಥೂ ಎಂದ ಮೇಲೆ 7ಕ್ಕೆ ಮತ್ತೆ ಬೇಕೆಂದಿತು. ಈ ವ್ಯಾಪಾರದಲ್ಲಿ ಕೂಲಿಗಳು ಬುಟ್ಟಿಯೊಳಗಿನ ಮಾಲು. ಬುಟ್ಟಿಯಲ್ಲಿದ್ದ ಬದನೆಕಾಯಿಯನ್ನು ನಿನ್ನ ರೇಟೆಷ್ಟು ಎಂದು ಯಾರು ಕೇಳುತ್ತಾರೆ?

ಎರಡನೇ ಅಲೆಯಲ್ಲಿ, ಏಪ್ರಿಲ್ ಕೊನೆಗೆ, ದಿನಸಿ-ತರಕಾರಿಗೆ ಬೆಳಿಗ್ಗೆ 6ರಿಂದ 10 ಎಂದು ಗೊತ್ತಾಯಿತು. ನಮ್ಮ ಬೀದಿ ಮೂಲೆಯ ಸೊಪ್ಪಿನಮ್ಮ ಒದ್ದೆ ಗೋಣಿಚೀಲ ಹಾಸಿ ಕೂರುತ್ತಿದ್ದಳು. ಒಂದು ದಿನ ಬುಟ್ಟಿಯಲ್ಲಿ ಮುಕ್ಕಾಲು ಪಾಲು ಸೊಪ್ಪು ಹಾಗೇ ಇತ್ತು. ಲಾಠಿಯ ತುದಿ ಬಂದು ಬುಟ್ಟಿಯ ಅಂಚಿಗೆ ತಾಗಿತು.

‘ಟೈಮಾಯ್ತು, ಎತ್ತಮ್ಮ.’

ಅವಳು ಸೆರಗಿನ ಗಂಟಿನಿಂದ ಬಟನ್ ಫೋನು ತೆಗೆದು ತೋರಿಸಿದಳು. ‘ಇನ್ನೂ ಐದು ನಿಮಿಷ ಐತಲ್ಲ ಸ್ವಾಮಿ?’

ಕಾನ್‌ಸ್ಟೇಬಲ್ ತನ್ನ ವಾಚು ನೋಡಿಕೊಂಡ. ‘ಇದು ಸರ್ಕಾರದ ಟೈಮು.’

ಅವಳು ಗೋಣಿಚೀಲ ಕೊಡವಿ ಮಡಚತೊಡಗಿದಳು. ಎರಡು ಕಟ್ಟು ಮೆಂತ್ಯಕ್ಕೆ ಇಪ್ಪತ್ತು ರೂಪಾಯಿ ಎಂದಿದ್ದಳು. ಆ ಗಡಿಬಿಡಿಯಲ್ಲೇ ನಾನು ಅದೇ ದುಡ್ಡಿಗೆ ಮೂರು ಕಟ್ಟು ಇಸಕೊಂಡು ಮನೆಗೆ ಬಂದೆ.