ಆಷಾಢದ ಕ್ರೀಡಾಂಗಣ

ಆರ್ಕಿಟೆಕ್ಚರ್ ಓದುವ ಮಕ್ಕಳ ಮನೆಯ ಹಿರಿಯರಿಗೆ ಕೊನೆಯವರೆಗೂ ಬಗೆಹರಿಯದ ಅನುಮಾನವೊಂದಿರುತ್ತದೆ. ಅಣೆಕಟ್ಟು, ಸೇತುವೆ ಕಟ್ಟುವ ಇಂಜಿನಿಯರಿಂಗೇ 4 ವರ್ಷಕ್ಕೆ ಮುಗಿಯುವಾಗ, ಮನೆಯ ನಕ್ಷೆ ಬರೆಯೋದಕ್ಕೆ 5 ವರ್ಷ ಯಾಕೆ? ನಮ್ಮ ಮನೆಯಲ್ಲಿ ಇದಕ್ಕೆ ಅಜ್ಜಿಯೇ ಉತ್ತರ ಕಂಡುಕೊಂಡಿದ್ದರು. ಕೇಳಿದವರಿಗೆಲ್ಲ “ಒಂದು ವರ್ಷ ಜಾಸ್ತಿ ಓದೋ ಇಂಜಿನಿಯರು” ಎಂದುಬಿಡುತ್ತಿದ್ದರು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಆರ್ಕಿಟೆಕ್ಚರ್ ಕೌನ್ಸಿಲ್‌ನಲ್ಲಿ ನೋಂದಣಿಯಾಗದವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಹಾಗಾಗಿ ಓದು ಮುಗಿಯುವತನಕ ನಾನೂ ಅಜ್ಜಿ ಕೊಟ್ಟ ಬಿರುದಿನಲ್ಲೇ ಕಾಲ ಹಾಕಿದೆ.

ಕಾಲೇಜಿನಲ್ಲಿ ಕಾಣುವ ಕನಸುಗಳಿಗೆ ಕಂಬಗಳಿರುವುದಿಲ್ಲ. ಕ್ರೀಡಾಂಗಣ ಎಂದರೆ ನಮ್ಮ ಕಣ್ಣಮುಂದೆ ಬರುತ್ತಿದ್ದದ್ದು 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಕೆಂಜೊ ಟಾಂಗೆ ಉಕ್ಕಿನ ಹಗ್ಗದಲ್ಲಿ ತೂಗುಬಿಟ್ಟ ಯೋಯೊಗಿ, ಇಲ್ಲವೇ 1972ರ ಮ್ಯೂನಿಕ್‌ನಲ್ಲಿ ಬೆಹ್ನಿಷ್ ಮತ್ತು ಫ್ರೈ ಓಟೋ ಎಳೆದು ಕಟ್ಟಿದ ಗುಡಾರದ ಛಾವಣಿ. ಸ್ವದೇಶಾಭಿಮಾನ ಉಕ್ಕಿದ ದಿನ ಅಹಮದಾಬಾದಿನಲ್ಲಿ ಚಾರ್ಲ್ಸ್ ಕೊರಿಯ ಮತ್ತು ಮಹೇಂದ್ರ ರಾಜ್ ಸೇರಿ ಕಾಂಕ್ರೀಟನ್ನು ಮಡಚಿ ಗಾಳಿಗೆ ಚಾಚಿದ ಕ್ರೀಡಾಂಗಣ. ನಾನು ಮಾಡಿದ ಕ್ರೀಡಾಂಗಣವೂ ಆಧಾರವೇ ಇಲ್ಲದೆ ನಿಂತಿತ್ತು, ಥರ್ಮೋಕೋಲು ಮತ್ತು ಫೆವಿಕಾಲಿನ ಕೃಪೆಯಿಂದ. ಜ್ಯೂರಿಗೆ ಬಂದಿದ್ದ ಹಿರಿಯರೊಬ್ಬರು ಅದಕ್ಕೊಂದು ಪ್ರದಕ್ಷಿಣೆ ಹಾಕಿ, “ಎಲ್ಲಾ ಸರಿ, ಮಳೆ ನೀರು ಎಲ್ಲಿಗೆ ಹೋಗುತ್ತಮ್ಮಾ?” ಎಂದರು. ಬೆಂಗಳೂರಿನಲ್ಲಿ ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ಕಂಠೀರವ ಕ್ರೀಡಾಂಗಣ ಕೂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ, ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ. ಊರಿಗೆ ಆಟಕ್ಕೆ ಜಾಗ ಬೇಕೆನಿಸಿದಾಗಲೆಲ್ಲ ಎದ್ದು ಹೋಗಬೇಕಾದದ್ದು ಕೆರೆಯೇ. ದೊಡ್ಡ ಮಳೆಗೆ ಅದು ಹಳೇ ವಿಳಾಸ ಹುಡುಕಿಕೊಂಡು ಬಂದರೆ ನಾವು ಮಹಾನಗರಪಾಲಿಕೆಯನ್ನು ಬಯ್ಯುತ್ತೇವೆ.

ಟ್ರೇನಿಂಗ್‌ಗೆ ನಾನು ಸೇರಿದ ಕಚೇರಿಯಲ್ಲಿ ಕ್ರೀಡಾ ಸಂಕೀರ್ಣ, ಸಮುದಾಯ ಭವನಗಳದ್ದೇ ಕೆಲಸ. ಕೊಡುತ್ತಿದ್ದ ಸ್ಟೈಪೆಂಡು ಪಿ.ಜಿ. ಬಾಡಿಗೆ ಕಟ್ಟಿದ ಮೇಲೆ ದೋಸೆಗೆ ಸಾಲುತ್ತಿತ್ತು, ಕಾಫಿಗೆ ಮನೆಯವರನ್ನು ಕೇಳಬೇಕಿತ್ತು. ಸೇರಿದ ದಿನವೇ ಶೌಚಾಲಯ ಕೊಟ್ಟರು. ಈ ವೃತ್ತಿಯ ವರ್ಣಾಶ್ರಮ ಹಾಗಿದೆ: ದೊಡ್ಡವರು ಛಾವಣಿ ಬರೆಯುತ್ತಾರೆ, ನಡುವಿನವರು ಮೆಟ್ಟಿಲು, ಟ್ರೇನಿಗಳು ಕಮೋಡು. ಬಿಡುವಾದಾಗ ಆಟದ ಅಳತೆಗಳನ್ನು ಬಾಯಿಪಾಠ ಮಾಡಬೇಕಿತ್ತು. ಕಬಡ್ಡಿ ಗಂಡಸರಿಗೆ 13ಕ್ಕೆ 10 ಮೀಟರ್, ಹೆಂಗಸರಿಗೆ 12ಕ್ಕೆ 8. ವಾಲಿಬಾಲ್ 18ಕ್ಕೆ 9. ಬ್ಯಾಡ್ಮಿಂಟನ್ 13.4ಕ್ಕೆ 6.1. ಖೋ ಖೋ 27ಕ್ಕೆ 16. ಶಾಲೆಯಲ್ಲಿ ಇವುಗಳಲ್ಲಿ ಒಂದನ್ನೂ ಆಡದೆ ಹೊಟ್ಟೆನೋವಿನ ನೆಪ ಹೇಳಿ ಮರದಡಿ ಕೂರುತ್ತಿದ್ದ ನನ್ನಿಂದ ವಿಧಿ ಬಡ್ಡಿ ಸಮೇತ ವಸೂಲಿ ಮಾಡಿತ್ತು. ಒಳಾಂಗಣದ ನೆಲಕ್ಕೆ ಇಷ್ಟೂ ಆಟಗಳ ಗೆರೆಗಳನ್ನು ಒಂದರ ಮೇಲೊಂದು ಬೇರೆ ಬೇರೆ ಬಣ್ಣದಲ್ಲಿ ಎಳೆದಾಗ, ನಾಲ್ಕು ಓರಗಿತ್ತಿಯರು ಜಗಳವಾಡಿಕೊಂಡು ಒಂದೇ ಅಂಗಳದಲ್ಲಿ ಬಿಟ್ಟ ರಂಗೋಲಿ ಕಂಡ ಹಾಗಾಗುತ್ತಿತ್ತು.

ಇನ್ನೊಂದು ಕೆಲಸ, ಕಂಪ್ಯೂಟರಿನಲ್ಲಿ ಮಾಡಿದ ಚಿತ್ರಗಳಿಗೆ ಜನ ತುಂಬುವುದು. ಖಾಲಿ ಕಟ್ಟಡ ಬಿಕೋ ಎನ್ನುತ್ತದೆ, ಗಿರಾಕಿ ಹೆದರುತ್ತಾನೆ. ಆದರೆ ನಮ್ಮ ಕಚೇರಿಯ ಸಂಗ್ರಹದಲ್ಲಿದ್ದ ಜನರೆಲ್ಲ ಹೊರದೇಶದವರು. ಹೊಂಬಣ್ಣದ ಕೂದಲಿನ ಒಬ್ಬ ಹೆಂಗಸು ನಾಯಿ ಹಿಡಿದುಕೊಂಡು ಓಡುತ್ತಿದ್ದಳು; ಅವಳು ಕರ್ನಾಟಕದಲ್ಲಿ ಓಡದ ತಾಲ್ಲೂಕು ಇರಲಿಲ್ಲ.

ತಿಪಟೂರು ಕಡೆಯ ಒಂದು ಹಳ್ಳಿಗೂ ಅವಳು ಹೋದಳು. 20 ಗುಂಟೆ ಜಾಗ, ಅಂದರೆ ಎರಡು ಸಾವಿರ ಚದರ ಮೀಟರಿಗೆ ಚೂರು ಮೇಲೆ. ಶಾಸಕರ ಅನುದಾನ. ಸಮುದಾಯ ಭವನ, ಒಳಾಂಗಣ ಕ್ರೀಡಾಂಗಣ, ಹೊರಗೆ ಮೈದಾನ, ಎಲ್ಲವೂ ಅಷ್ಟರಲ್ಲೇ ಆಗಬೇಕು. ಅರಳಿಕಟ್ಟೆಯ ಮುಂದೆ ಸಭೆ ಸೇರಿತ್ತು. ಕಚೇರಿಯ ಯಜಮಾನರಾದ ನಮ್ಮ ಸರ್ ಚಿತ್ರ ಬಿಡಿಸಿ ಹಿಡಿದರು. ಅಜ್ಜಿಯೊಬ್ಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, “ಈ ಬಿಳೀ ಹೆಂಗ್ಸು ಯಾರ ಮನೆಯೋಳು ಕಣವ್ವಾ?” ಎಂದರು.

“ದುಡ್ಡು ಕೊಡೋರಿರ್ಬೇಕು, ಸುಮ್ಕಿರಜ್ಜಿ” ಎಂದು ಪಂಚಾಯ್ತಿ ಸದಸ್ಯರು ಗದರಿದರು.

ಇನ್ನೊಬ್ಬರ ಕಣ್ಣು ಹಿನ್ನೆಲೆಯಲ್ಲಿದ್ದ ಮೇಪಲ್ ಮರಗಳ ಮೇಲೆ ಬಿತ್ತು. ಎಲೆಯೆಲ್ಲ ಕೆಂಪಗೆ. ತೆಂಗಿನ ನುಸಿ ಕಂಡು ಸೋತ ಊರು ಅದು. “ಇದ್ಕೂ ರೋಗ ಹೊಡೆದೈತಲ್ಲ ಸಾ” ಎಂದು ಅವರು ನಿಜವಾಗಿಯೂ ಮರುಗಿದರು.

ಮುಂದಿನ ಸಲ ಹೋಗುವಾಗ ಕ್ಯಾಮೆರಾ ಒಯ್ದೆ. ಕೇಳಿಕೊಂಡು ಊರಿನವರ ಫೋಟೊ ತೆಗೆದೆ: ಹೆಗಲ ಮೇಲೆ ಟವೆಲ್ಲಿನ ಯಜಮಾನರು, ಸೊಂಟದಲ್ಲಿ ಮಗು ಎತ್ತಿಕೊಂಡವರು, ಎರಡು ಹುಂಜ, ಆ ಅಜ್ಜಿ. ಎಲ್ಲರನ್ನೂ ಕತ್ತರಿಸಿ ಚಿತ್ರದಲ್ಲಿ ನಿಲ್ಲಿಸಿದೆ, ಮೇಪಲ್ ಕಿತ್ತು ಹೊಂಗೆ, ಹುಣಸೆ ನೆಟ್ಟೆ. ಆ ಸಭೆಯಲ್ಲಿ ಕಟ್ಟಡದ ಬಗ್ಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ. ಎಲ್ಲರೂ ತಾವೆಲ್ಲಿದ್ದೇವೆಂದು ಹುಡುಕುತ್ತಿದ್ದರು. ಚಿತ್ರದಲ್ಲಿ ಜಾಗ ಸಿಗದ ಸದಸ್ಯರೊಬ್ಬರು ಸಹಿ ಹಾಕಲು ತಕರಾರು ತೆಗೆದರು. ಅವರನ್ನು ವಾಲಿಬಾಲ್ ನೆಟ್ಟಿನ ಪಕ್ಕ ಅಂಪೈರ್ ಮಾಡಿ ನಿಲ್ಲಿಸಿದ ಮೇಲೆ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಕಾಲೇಜಿನ ಯಾವ ಜ್ಯೂರಿಯಲ್ಲೂ ನನಗೆ ಇಷ್ಟು ಸಲೀಸಾಗಿ ಅಂಕ ಬಿದ್ದದ್ದಿಲ್ಲ.

ಜಾಗ ಗುರುತಿಸಲು ಸರ್ವೆಯವರು ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ತಂದಿದ್ದರು. ಅವರು ಮೂರು ಕಾಲಿನ ಸ್ಟ್ಯಾಂಡ್ ಬಿಚ್ಚಿ, ಮಟ್ಟ ನೋಡುವ ಗುಳ್ಳೆ ನಡುವಿಗೆ ಬರಲೆಂದು ತಿರುಪು ತಿರುಗಿಸುತ್ತ ಕೂತಾಗ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಒಂದು ಗೋಣಿಚೀಲ ಹಿಡಿದು ಬಂದರು. ಒಳಗೊಂದು ನೈಲಾನ್ ಹಗ್ಗ. ಅಲ್ಲಲ್ಲಿ ಗಂಟು, ಗಂಟಿಗೊಂದು ಬಣ್ಣದ ಬಟ್ಟೆ ಚೂರು: ಕೆಂಪು ಕಬಡ್ಡಿ, ಹಸಿರು ವಾಲಿಬಾಲ್, ಹಳದಿ ಖೋ ಖೋ. ಮೂಲೆಯಲ್ಲಿ ಗೂಟ ಹೊಡೆದು ಒಂದು ಕಡೆಗೆ 3 ಮೀಟರ್, ಇನ್ನೊಂದು ಕಡೆಗೆ 4, ಎದುರುಬದುರು 5 ಬಂದರೆ ಮೂಲೆ ನೆಟ್ಟಗೆ. ತಳಕ್ಕೆ ಮೊಳೆಯಲ್ಲಿ ತೂತು ಹೊಡೆದ ಹಾಲಿನ ಪುಡಿಯ ಡಬ್ಬಿಗೆ ಸುಣ್ಣದ ಪುಡಿ ತುಂಬಿ ಹಗ್ಗದ ಗುಂಟ ಕುಲುಕುತ್ತ ನಡೆದರು. ಸರ್ವೆಯವರ ಗುಳ್ಳೆ ನಡುವಿಗೆ ಬರುವ ಹೊತ್ತಿಗೆ ಅಲ್ಲಿ ಹುಡುಗಿಯರು ಒಂದಾಟ ಮುಗಿಸಿ ನೀರು ಕುಡಿಯುತ್ತಿದ್ದರು.

ಹೊರಗಿನ ಕೋರ್ಟುಗಳು ಉತ್ತರ ದಕ್ಷಿಣವಾಗಿ ಉದ್ದವಿರಬೇಕು. ಆಡುವುದೇ ಬೆಳಿಗ್ಗೆ ಸಂಜೆ; ಪೂರ್ವ ಪಶ್ಚಿಮವಾಗಿಟ್ಟರೆ ಒಂದು ತಂಡದ ಕಣ್ಣಿಗೆ ನೇರ ಸೂರ್ಯ. ಇದನ್ನು ನಾನು ಬಾಣದ ಗುರುತಿನ ಸಮೇತ ವಿವರಿಸಲು ಸಿದ್ಧಳಾಗಿ ಹೋಗಿದ್ದರೆ, ಪಂಚಾಯ್ತಿ ಕರೆಸಿದ್ದ ವಾಸ್ತು ಪಂಡಿತರು ಅದನ್ನೇ ಕುಬೇರನ ಹೆಸರಿನಲ್ಲಿ ಅಪ್ಪಣೆ ಕೊಡಿಸಿಬಿಟ್ಟರು. ಸೂರ್ಯನೂ ಕುಬೇರನೂ ಒಂದಾದ ಈ ಸೌಹಾರ್ದ ಶೌಚಾಲಯದ ಹತ್ತಿರ ಮುರಿದುಬಿತ್ತು. ಈಶಾನ್ಯ ದೇವಮೂಲೆ, ಕೂಡದು. ಆಗ್ನೇಯದಲ್ಲಿ ಅಡುಗೆ. ನೈರುತ್ಯ ಯಜಮಾನನದು. ಉಳಿದದ್ದು ವಾಯವ್ಯ. ಆದರೆ ಮಳೆಗಾಲವಿಡೀ ಗಾಳಿ ಪಡುವಣದಿಂದ ಬೀಸುವ ಸೀಮೆಯಲ್ಲಿ ವಾಯವ್ಯದ ಶೌಚಾಲಯ ತನ್ನ ಇರವನ್ನು ಇಡೀ ಭವನಕ್ಕೆ ಸಾರುತ್ತದೆ. ನನ್ನ ಕಮೋಡುಗಳು ನಕ್ಷೆಯ ಉದ್ದಗಲಕ್ಕೂ ತೀರ್ಥಯಾತ್ರೆ ಮಾಡಿದವು.

ಕೊನೆಗೆ ದಾರಿ ತೋರಿದ್ದು ಆ ಅಜ್ಜಿ. ಅವರಿಗೆ ದಿಕ್ಕಿನ ಗೊಡವೆ ಇರಲಿಲ್ಲ. “ನೋಡ್ ಮಗಾ, ಹೋಗೋದು ಯಾರಿಗೂ ಕಾಣ್ಬಾರ್ದು. ಆದ್ರೆ ಹೋದೋಳು ಕೂಗಿದ್ರೆ ಕೇಳ್ಬೇಕು.” ಸಾರ್ವಜನಿಕ ಶೌಚಾಲಯದ ಬಗ್ಗೆ ಇಷ್ಟು ಚೊಕ್ಕವಾದ ಸೂಚನೆ ನನ್ನ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಶೌಚಾಲಯವನ್ನು ಮೈದಾನದ ಹಿಂದಿನ ಕತ್ತಲ ಮೂಲೆಯಿಂದ ಎಬ್ಬಿಸಿ, ಅಡುಗೆಮನೆಯ ಗೋಡೆಯಾಚೆ, ಬಾಗಿಲಿಗೆ ಅಡ್ಡಲಾಗಿ ಜಾಲಿ ಗೋಡೆ ಇಟ್ಟು ಕೂರಿಸಿದೆವು. ಪಾತ್ರೆ ತೊಳೆಯುವವರು ಸದಾ ಇರುವ ಕಡೆ. ಪಂಡಿತರು ಎರಡು ಸಲ ಕೆಮ್ಮಿ, ಪೂಜೆಯೊಂದನ್ನು ಸೂಚಿಸಿ ಒಪ್ಪಿಕೊಂಡರು.

ಖೋ ಖೋ ಹುಡುಗಿಯರ ವಿಷಯ ಮಾತ್ರ ತಮಾಷೆಯದಲ್ಲ. ದೆಹಲಿಯಲ್ಲಿ 2025ರ ಜನವರಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಆ ಸುದ್ದಿ ಬರುವುದಕ್ಕೆ ಮೊದಲೇ ಈ ಊರಿನ ಹುಡುಗಿಯರು ಚೆನ್ನಾಗಿ ಆಡುತ್ತಿದ್ದರು, ಆದರೆ ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿಬಿಡುತ್ತಿದ್ದರು. ಯಾಕೆಂದು ಕೇಳಿದೆ. ಮೈದಾನದ ಬದಿಗೆ ಕಟ್ಟೆಯಿದೆ, ಕಟ್ಟೆಯ ಮೇಲೆ ಕೆಲಸವಿಲ್ಲದ ಗಂಡಸರಿದ್ದಾರೆ, ಅವರು ನೋಡುವುದು ಆಟವನ್ನಲ್ಲ. ನಮ್ಮ ನಕ್ಷೆಯಲ್ಲಿ ಗ್ಯಾಲರಿ ಸರಿಯಾಗಿ ಆ ಕಟ್ಟೆಯ ಮುಂದುವರಿಕೆಯಾಗಿತ್ತು. ಗ್ಯಾಲರಿಯನ್ನು ವಾಲಿಬಾಲ್ ಕಡೆಗೆ ತಿರುಗಿಸಿ, ಖೋ ಖೋ ಅಂಕಣವನ್ನು ಶಾಲೆಯ ಕಾಂಪೌಂಡಿನ ಪಕ್ಕಕ್ಕೆ ಒಯ್ದು, ನಡುವೆ ಹೊಂಗೆಯ ಸಾಲು ಎಂದು ಬರೆದೆವು. ಯುವಕ ಸಂಘದವರು ಅಸಮಾಧಾನಗೊಂಡರು. ಮೇಷ್ಟ್ರು ಅವರಿಗೆ ಏನು ಹೇಳಿದರೋ ತಿಳಿಯದು, ಮತ್ತೆ ಮಾತೆತ್ತಲಿಲ್ಲ.

ಗ್ಯಾಲರಿಗೂ ಒಂದು ಲೆಕ್ಕವಿದೆ. ಹಿಂದಿನ ಸಾಲಿನವರ ನೋಟ ಮುಂದಿನವರ ತಲೆಯ ಮೇಲೆ 90 ಮಿಲಿಮೀಟರ್ ಬಿಟ್ಟು ಹಾದು ಹೋಗಬೇಕು, 60ಕ್ಕೆ ಇಳಿದರೆ ಕತ್ತು ಉದ್ದ ಮಾಡುವ ಪಾಡು. ನಾನು ಸಾಲುಸಾಲಿಗೂ ಗುಣಿಸಿ ಮೆಟ್ಟಿಲ ಎತ್ತರ ಬರೆದೆ. ಈ ಸೂತ್ರ ಮಾಡಿದ ಪುಣ್ಯಾತ್ಮರು ತಲೆಗೆ ಟವೆಲ್ ಸುತ್ತಿದವರನ್ನಾಗಲಿ, ಮಲ್ಲಿಗೆ ದಂಡೆಯನ್ನಾಗಲಿ, ಅಪ್ಪನ ಭುಜವೇರಿದ ಮಗುವನ್ನಾಗಲಿ ಕಂಡಿರಲಾರರು. ಈಗ ಪಂದ್ಯವಿದ್ದ ದಿನ ಜನ ಕಾಂಪೌಂಡು, ಟ್ರ್ಯಾಕ್ಟರ್ ಟ್ರೈಲರು, ನೀರಿನ ಟ್ಯಾಂಕಿನ ಏಣಿ ಎಲ್ಲ ಹತ್ತಿ ನೋಡುತ್ತಾರೆ. ಪಂದ್ಯವಿಲ್ಲದ ದಿನ ಗ್ಯಾಲರಿಯಲ್ಲಿ ಸಂಡಿಗೆ, ಹುಣಸೆಹಣ್ಣು, ಮೆಣಸಿನಕಾಯಿ ಸಾಲಾಗಿ ಕೂತಿರುತ್ತವೆ, ಒಂದಕ್ಕೊಂದು ಅಡ್ಡ ಬರದೆ. ನನ್ನ ಗುಣಾಕಾರ ವ್ಯರ್ಥವಾಗಿಲ್ಲ.

ನಿಜವಾದ ಕುರುಕ್ಷೇತ್ರ ನಡೆದದ್ದು ಭವನದೊಳಗೆ. ನಮ್ಮ ಸರ್‌ಗೆ ಒಳಾಂಗಣಕ್ಕೆ ಮೇಪಲ್ ಮರದ ನೆಲವೇ ಬೇಕು (ಮೇಪಲ್‌ಗೂ ನಮ್ಮ ಕಚೇರಿಗೂ ಏನೋ ಋಣಾನುಬಂಧ). ಊರಿಗೆ ಮದುವೆ ಬೇಕು. ಮರದ ನೆಲದ ಮೇಲೆ ಹೋಮ ಮಾಡುವುದು ಹೇಗೆ? ಸಾಂಬಾರು ಚೆಲ್ಲಿದರೆ? ಬ್ಯಾಡ್ಮಿಂಟನ್ನಿನವರಿಗೆ ಕಿಟಕಿ ಕೂಡದು, ಫ್ಯಾನ್ ಕೂಡದು; ಶಟಲ್ ತೂಗುವುದೇ 5 ಗ್ರಾಂ ಆಸುಪಾಸು, ಒಂದು ಉಸಿರಿಗೆ ದಾರಿ ತಪ್ಪುತ್ತದೆ. ಮದುವೆಯವರಿಗೆ ಹತ್ತಡಿಗೊಂದು ಫ್ಯಾನ್ ಬೇಕು, ಇಲ್ಲದಿದ್ದರೆ ಬೀಗರು ಮುನಿಯುತ್ತಾರೆ. ಅಂತರರಾಷ್ಟ್ರೀಯ ಪಂದ್ಯಕ್ಕಾದರೆ 9ರಿಂದ 12 ಮೀಟರ್ ಎತ್ತರ ಬೇಕು. ಅನುದಾನದ ಕೃಪೆಯಿಂದ ನಮ್ಮದು 25 ಅಡಿಗೆ ಇಳಿದಿತ್ತು. ಅಷ್ಟೆತ್ತರದಿಂದ ಫ್ಯಾನ್ ಇಳಿಬಿಡಲು ಹದಿನೈದಡಿ ರಾಡ್ ಬೇಕು, ಆ ರಾಡಿಗೆ ಮೊದಲ ಸ್ಮ್ಯಾಶಿನಲ್ಲೇ ಮುಕ್ತಿ.

ಸರ್ ಪಟ್ಟು ಹಿಡಿದರು: ಕ್ರೀಡಾಂಗಣವೆಂದರೆ ಕ್ರೀಡಾಂಗಣ, ಕಲ್ಯಾಣ ಮಂಟಪ ಬೇರೆ ಕಟ್ಟಿಕೊಳ್ಳಿ.

ಆಗ ಪಿ.ಟಿ. ಮೇಷ್ಟ್ರು ಮೆಲ್ಲಗೆ, “ಸರ್, ಪ್ರಕಾಶ್ ಪಡುಕೋಣೆ ಆಟ ಕಲ್ತಿದ್ದು ಎಲ್ಲಿ?” ಎಂದರು. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ. ಅದನ್ನು ಮದುವೆಗೂ ಕೊಡುತ್ತಿದ್ದರು. ಮದುವೆಯಿದ್ದ ದಿನ ಆಟವಿಲ್ಲ. ಯಾವಾಗ ಖಾಲಿಯಾಗುತ್ತದೆಂದು ಕಾದಿದ್ದು ಶಾಲೆ ಬಿಟ್ಟೊಡನೆ ಓಡಿಹೋಗಿ ಆಡಬೇಕು. ಹಾಗೆ ಆಡಿದ ಹುಡುಗ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದು ಬಂದರು. “ಮೇಪಲ್ ನೆಲ ಇರ್ಲಿಲ್ಲ ಅಂತ ಕಪ್ ಏನೂ ವಾಪಸ್ ಇಸ್ಕಂಡಿಲ್ಲ” ಎಂದು ಮೇಷ್ಟ್ರು ಚಹಾ ಕುಡಿದರು. ಮಲ್ಲೇಶ್ವರದಲ್ಲೇ ಬೆಳೆದ ನಮ್ಮ ಸರ್‌ಗೆ ಎದುರಾಡಲು ಬಾಯಿ ಬರಲಿಲ್ಲ.

ಹಾಗಾಗಿ ನೆಲಕ್ಕೆ ಕಲ್ಲು ಬಂತು, ಅದರ ಮೇಲೆ ಹಾಸಿ ಸುತ್ತಿಡುವ ಸಿಂಥೆಟಿಕ್ ಮ್ಯಾಟ್. ಫ್ಯಾನುಗಳು ಪಕ್ಕದ ಗೋಡೆಗೆ ಹೋದವು, ಅವುಗಳ ಸ್ವಿಚ್ಚಿಗೆ ಬೀಗದ ಪೆಟ್ಟಿಗೆ, ಬೀಗದ ಕೈ ಮೇಷ್ಟ್ರ ಜನಿವಾರದಲ್ಲಿ. ಮ್ಯಾಟ್ ಇಡಲು ಒಂದು ಕೋಣೆ ಬೇಕಿತ್ತು, ಮದುಮಗಳಿಗೂ ಒಂದು ಕೋಣೆ ಬೇಕಿತ್ತು, ಜಾಗ ಇದ್ದದ್ದು ಒಂದಕ್ಕೇ. ನಾನೇ ಬಾಗಿಲ ಫಲಕ ಬರೆದೆ: ಕ್ರೀಡಾ ಸಾಮಗ್ರಿ / ವಧುವಿನ ಕೊಠಡಿ. ಆ ಊರಿನಲ್ಲಿ ಈಗ ಮದುವಣಗಿತ್ತಿಯರು ಸುತ್ತಿಟ್ಟ ಬ್ಯಾಡ್ಮಿಂಟನ್ ಕೋರ್ಟಿನ ಮೇಲೆ ಕೂತು ಜಡೆ ಹೆಣೆಸಿಕೊಳ್ಳುತ್ತಾರೆ. ಮೆತ್ತಗಿದೆಯಂತೆ.

ನಾನು ಡಿಗ್ರಿ ಮುಗಿಸಿ ಅದೇ ಕಚೇರಿಗೆ ಸಂಬಳಕ್ಕೆ ಸೇರುವ ವೇಳೆಗೆ ಭವನ ಎದ್ದಿತ್ತು. ಬುಕಿಂಗ್ ರಿಜಿಸ್ಟರು ಪಂಚಾಯ್ತಿ ಕಚೇರಿಯಲ್ಲಿರುತ್ತದೆ, ಪಕ್ಕದಲ್ಲೇ ಒಂಟಿಕೊಪ್ಪಲ್ ಪಂಚಾಂಗ. ಲಗ್ನವಿದ್ದ ದಿನ ಮದುವೆ, ಇಲ್ಲದ ದಿನ ಆಟ. ಹೀಗಾಗಿ ಆ ಊರಿನ ಕ್ರೀಡಾ ಋತು ಶುರುವಾಗುವುದು ಆಷಾಢದಲ್ಲಿ. ಪಿತೃಪಕ್ಷಕ್ಕೆ ಕಬಡ್ಡಿ ಬಿರುಸಾಗುತ್ತದೆ, ಧನುರ್ಮಾಸದಲ್ಲಿ ಅಂತರ ಶಾಲಾ ಪಂದ್ಯ. ಶುಕ್ರನೋ ಗುರುವೋ ಅಸ್ತನಾದರೆ ಅದು ಹೆಚ್ಚುವರಿ ಲಾಭ. ಹತ್ತನೇ ಕ್ಲಾಸಿನ ಹುಡುಗರು ಗ್ರಹಗಳ ಚಲನೆಯನ್ನು ಪುರೋಹಿತರಿಗಿಂತ ಕರಾರುವಾಕ್ಕಾಗಿ ಹೇಳುತ್ತಾರೆ. ಊರಿನ ಹೆಣ್ಣು ಗಂಡುಗಳ ಮದುವೆ ನಿಶ್ಚಯವಾದಾಗ ಮೊದಲು ಮುಖ ಸಪ್ಪಗಾಗುವುದು ಡಬಲ್ಸ್ ಆಡುವವರದು.

ಮೊನ್ನೆ ಯುವಕ ಸಂಘದ ಕಾರ್ಯದರ್ಶಿ ಫೋನ್ ಮಾಡಿದ್ದ. ಗ್ಯಾಲರಿ ತಿರುಗಿಸಿದ ಕೋಪ ಇಳಿದಿತ್ತು, ದನಿಯಲ್ಲಿ ಹಬ್ಬ.

“ಮೇಡಮ್ಮೋರೆ, 2026ರಲ್ಲಿ ಅಧಿಕ ಜ್ಯೇಷ್ಠ ಬತ್ತದಂತೆ. ಒಂದು ತಿಂಗ್ಳು ಪೂರ್ತಿ ಹಾಲ್ ನಮ್ದೇ. ತಾಲ್ಲೂಕು ಮಟ್ಟದ ಟೂರ್ನಮೆಂಟ್ ಮಡಿಕ್ಕಂಡಿದೀವಿ, ನೀವು ಬರ್ಲೇಬೇಕು.”

“ಊಟ ಇದೆಯೇನಪ್ಪಾ?”

“ಮದ್ವೆ ಒಂದು ಬಿಟ್ರೆ ಎಲ್ಲಾ ಐತೆ ಮೇಡಮ್ಮೋರೆ.”